"ರೂಮು ರೆಡಿ ಇತ್ತು, ನೀವೇ ಬರಲಿಲ್ಲ": ಕರ್ಫ್ಯೂನಲ್ಲಿ ಸಿಕ್ಕಿಬಿದ್ದ ನನ್ನ 9,758 ರೂಪಾಯಿ

2022ರ ಜನವರಿ 17, ಸೋಮವಾರ ಬೆಳಿಗ್ಗೆ ಫೋನಿಗೆ ಒಂದು ಮೆಸೇಜ್ ಬಂತು. "ನಿಮ್ಮ ಚಿಕ್ಕಮಗಳೂರು ವಾಸ ಹೇಗಿತ್ತು? ಸ್ಟಾರ್ ಕೊಡಿ" ಅಂತ. ನಾನು ಆಗ ಬೆಂಗಳೂರಿನ ನಮ್ಮ ಮನೆ ಅಡುಗೆಮನೆಯಲ್ಲಿ ನಿಂತು, ಬೀರಿ ಉಳಿದ ಎಳ್ಳು ಬೆಲ್ಲವನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಚಿಕ್ಕಮಗಳೂರಿಗೆ ಹೋಗಿಯೇ ಇರಲಿಲ್ಲ. ಹೋಗೋಕೆ ಬಿಟ್ಟಿದ್ದರೆ ತಾನೇ!

ಅವತ್ತು ಸಿಟ್ಟಿನಲ್ಲಿ ಫೋನ್ ಪಕ್ಕಕ್ಕಿಟ್ಟೆ. ಈಗ ಸ್ಟಾರ್ ಕೊಡುತ್ತಿದ್ದೇನೆ. ಐದಕ್ಕೆ ಒಂದೂವರೆ. ಆ ಅರ್ಧ ಯಾಕೆ ಅಂತ ಮುಂದೆ ಹೇಳುತ್ತೇನೆ. ರೂಮ್ ಬುಕ್ ಮಾಡಿದ ಆ್ಯಪ್ ಹೆಸರು, ರೆಸಾರ್ಟ್ ಹೆಸರು ಎರಡೂ ಬೇಡ ಬಿಡಿ. ಬೇರೆ ಆ್ಯಪ್‌ಗಳಲ್ಲಿ ಬುಕ್ ಮಾಡಿ ಒದ್ದಾಡಿದವರ ಕಥೆಯನ್ನೂ ಕೇಳಿದ್ದೇನೆ, ಹೆಸರು ಬೇರೆಯಾದರೂ ಆಟ ಒಂದೇ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ದೇಶದ ಮೊದಲ ಎರಡು ಒಮಿಕ್ರಾನ್ ಕೇಸ್ ಸಿಕ್ಕಿದ್ದೇ ನಮ್ಮ ಕರ್ನಾಟಕದಲ್ಲಿ, 2021ರ ಡಿಸೆಂಬರ್ 2ಕ್ಕೆ ಸುದ್ದಿಯಾಗಿತ್ತು. ಅದು ಗೊತ್ತಿದ್ದೂ ಡಿಸೆಂಬರ್ 20ಕ್ಕೆ ಕೂತು ಸಂಕ್ರಾಂತಿ ವಾರಾಂತ್ಯಕ್ಕೆ ರೂಮ್ ಬುಕ್ ಮಾಡಿದೆ. ಅದರಲ್ಲೂ ಎರಡು ರೇಟ್ ತೋರಿಸುತ್ತಿತ್ತು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ರೂಮಿಗೆ ರಾತ್ರಿಗೆ 4,650, ಬರದೇ ಇರುವುದಕ್ಕೆ 4,200. ಎರಡು ರಾತ್ರಿಗೆ 900 ರೂಪಾಯಿ ಉಳಿಯುತ್ತಲ್ಲ ಅಂತ ಕಡಿಮೆಯದನ್ನೇ ಒತ್ತಿದೆ. ರೂಮಿಗೆ 8,400, ಅದರ ಮೇಲೆ ಶೇಕಡ 12 ಜಿಎಸ್‌ಟಿ 1,008, ಆಮೇಲೆ ಕನ್ವೀನಿಯನ್ಸ್ ಫೀ ಅಂತ 350. ಒಟ್ಟು 9,758 ರೂಪಾಯಿ ನಮ್ಮ ಮನೆಯವರ ಕ್ರೆಡಿಟ್ ಕಾರ್ಡಿನಲ್ಲಿ ಹೋಯಿತು. ಯಾರ ಕನ್ವೀನಿಯನ್ಸಿಗೆ ಆ 350 ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪ್ಲ್ಯಾನ್ ಹೀಗಿತ್ತು. 14ನೇ ತಾರೀಕು ಶುಕ್ರವಾರ ಬೆಳಿಗ್ಗೆ ಕಾರಿನಲ್ಲಿ ಹೊರಟು ರಾತ್ರಿ ಸಕಲೇಶಪುರದ ಹತ್ತಿರ ಒಂದು ಹೋಮ್‌ಸ್ಟೇನಲ್ಲಿ ಉಳಿಯುವುದು. ಶನಿವಾರ, ಭಾನುವಾರ ಚಿಕ್ಕಮಗಳೂರಿನ ರೆಸಾರ್ಟ್. ಸೋಮವಾರ ವಾಪಸ್. ನಾನು, ನಮ್ಮ ಮನೆಯವರು, ಅಮ್ಮ, ಮಗಳು. ಹೋಮ್‌ಸ್ಟೇ ಬುಕಿಂಗ್ ಆ್ಯಪ್‌ನಲ್ಲಲ್ಲ. ಗೆಳತಿ ಕೊಟ್ಟ ನಂಬರಿಗೆ ಫೋನ್ ಮಾಡಿ, ಅಲ್ಲಿನ ಗೌಡರಿಗೆ 2,000 ಅಡ್ವಾನ್ಸ್ ಹಾಕಿದ್ದೆ.

ಜನವರಿ 4ಕ್ಕೆ ಸರ್ಕಾರ ವೀಕೆಂಡ್ ಕರ್ಫ್ಯೂ ಘೋಷಿಸಿತು. ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ ಸುಮ್ಮಸುಮ್ಮನೆ ಓಡಾಡುವ ಹಾಗಿಲ್ಲ. ಆದೇಶ ಜನವರಿ 19ರವರೆಗೆ, ಅಂದರೆ ನಮ್ಮ ವಾರಾಂತ್ಯ ಸರಿಯಾಗಿ ಅದರ ಹೊಟ್ಟೆಯೊಳಗೆ.

ಗುರುವಾರ, 6ನೇ ತಾರೀಕು, ಎರಡೂ ಕಡೆ ಫೋನ್ ಮಾಡಿದೆ. ಮೊದಲು ಗೌಡರಿಗೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಮೇಡಂ, ಬರಕ್ಕೆ ಹೋಗ್ಬೇಡಿ, ಶುಕ್ರವಾರ ಬಂದ್ರೆ ಶನಿವಾರ ಇಲ್ಲಿಂದ ಅಲ್ಲಾಡಕ್ಕೆ ಬಿಡಲ್ಲ, ವಯಸ್ಸಾದ ಅಮ್ಮನ್ನ ಬೇರೆ ಕರ್ಕೊಂಡು ಬರ್ತೀರ" ಅಂದರು. ಅಡ್ವಾನ್ಸ್ ವಿಷಯ ನಾನೇ ಕೇಳಬೇಕಾಯಿತು, ಅದು ನಿಜ. ಒಂದು ಕ್ಷಣ ಸುಮ್ಮನಿದ್ದು, "ಹಬ್ಬದ ಟೈಮಲ್ಲಿ ಸಿಗಲ್ಲ ಅಂತ ನಾಟಿ ಕೋಳಿ ಹೇಳಿಬಿಟ್ಟಿದೀನಿ, ಅವನು ದುಡ್ಡು ಕೇಳ್ತಾನೆ. 500 ಇಟ್ಕೊಂಡು 1,500 ಹಾಕ್ಲಾ?" ಅಂದರು. ಹಾಕಿ ಅಂದೆ. ಸಂಜೆ ಕಾಫಿ ಹೊತ್ತಿಗೆ 1,500 ಬಂತು. ಈ ಸೇವೆಗೆ ಐದಕ್ಕೆ ಐದು. 500 ಹೋಯಿತು ಅಂತ ಬೇಜಾರೇ ಆಗಲಿಲ್ಲ ನನಗೆ, ಆದರೆ ಆ 350 ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೋಳಿ ಕಣ್ಣಿಗೆ ಕಾಣುತ್ತದೆ, ಕನ್ವೀನಿಯನ್ಸ್ ಕಾಣುವುದಿಲ್ಲ, ಅಷ್ಟೇ.

ಇನ್ನು ಆ್ಯಪ್. ಕಸ್ಟಮರ್ ಕೇರ್‌ನಲ್ಲಿ ಕನ್ನಡಕ್ಕೆ ಯಾವ ಬಟನ್ನೂ ಇಲ್ಲ. ಹಿಂದಿ ಇಲ್ಲ ಇಂಗ್ಲಿಷ್. 22 ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಸಿಕ್ಕ. ಪಾಪ, ಮಾತು ಮೃದು. ಆದರೆ ಹೇಳಿದ್ದು ಇಷ್ಟೇ: ನಿಮ್ಮದು ನಾನ್-ರಿಫಂಡಬಲ್ ಬುಕಿಂಗ್, ಹೋಟೆಲ್ ಆ ದಿನ ತೆರೆದಿರುತ್ತದೆ, ರೂಮು ರೆಡಿ ಇರುತ್ತದೆ, ನೀವು ಬರದಿದ್ದರೆ ಅದು ನೋ-ಶೋ.

ಇಡೀ ಜಗಳದ ಗಂಟು ಇರುವುದು ಇಲ್ಲೇ. 2020ರಲ್ಲಿ ದೇಶವೇ ಬಂದ್ ಆದಾಗ ಹೋಟೆಲ್ಲೂ ಬಂದ್ ಆಗಿತ್ತು. ಅವರು ರೂಮು ಕೊಡೋಕೆ ಆಗಲ್ಲ, ನಾವು ಹೋಗೋಕೆ ಆಗಲ್ಲ, ಲೆಕ್ಕ ಸುಲಭ. ಆದರೆ ಅರ್ಧಂಬರ್ಧ ನಿರ್ಬಂಧ ಬಂತು ನೋಡಿ, ಕರ್ಫ್ಯೂ, ಚೆಕ್‌ಪೋಸ್ಟ್, ಪ್ರವಾಸಿಗರಿಗೆ ಪ್ರವೇಶವಿಲ್ಲ ಅನ್ನುವ ಡಿಸಿ ಆದೇಶ, ಆಗ ಹೋಟೆಲ್ ಬಾಗಿಲು ತೆರೆದೇ ಇರುತ್ತದೆ, ಮುಚ್ಚಿರುವುದು ದಾರಿ. ಬಾಗಿಲು ತೆರೆದಿದ್ದೇವೆ ಅಂತ ಅವರು, ದಾರಿ ಇಲ್ಲ ಅಂತ ನಾವು. ಇಬ್ಬರೂ ಹೇಳುವುದು ನಿಜ, ದುಡ್ಡು ಮಾತ್ರ ಒಬ್ಬರ ಹತ್ತಿರ ಇರುತ್ತದೆ.

ಆ ಹುಡುಗ ಇನ್ನೂ ಎರಡು ದಾರಿ ಹೇಳಿಕೊಟ್ಟ. ಒಂದು, ಶುಕ್ರವಾರ ರಾತ್ರಿ 10ರ ಒಳಗೆ ರೆಸಾರ್ಟ್ ಸೇರಿಕೊಂಡುಬಿಡಿ, ಸೋಮವಾರ ಹೊರಡಿ, ಒಂದು ರಾತ್ರಿ ಜಾಸ್ತಿ ಬುಕ್ ಮಾಡಿದರೆ ಆಯಿತು! ಅಂದರೆ ದುಡ್ಡು ವಾಪಸ್ ಕೇಳೋಕೆ ಹೋದವಳಿಗೆ ಇನ್ನೊಂದು ರಾತ್ರಿ ಮಾರುವ ಪ್ರಯತ್ನ. ಎರಡನೆಯದು ಇನ್ನೂ ಚೆನ್ನಾಗಿತ್ತು. ಕರ್ಫ್ಯೂ ಆದೇಶದಲ್ಲಿ ಬಸ್ಸು, ರೈಲು, ವಿಮಾನದ ಟಿಕೆಟ್ ಇದ್ದವರು ಓಡಾಡಬಹುದು ಅಂತ ಇತ್ತು. ಅದನ್ನು ಅವರು ಓದಿಕೊಂಡು ಕೂತಿದ್ದರು. "ಬಸ್ಸಿನಲ್ಲಿ ಬರಬಹುದಲ್ಲ ಮೇಡಂ" ಅಂದ. ಮಂಡಿನೋವಿನ ಅಮ್ಮನ್ನ ಕರೆದುಕೊಂಡು ಬಸ್ಸಿನಲ್ಲಿ ಹೋಗಿ, ಸ್ಟ್ಯಾಂಡಿನಲ್ಲಿ ಇಳಿದು, ಊರಾಚೆಯ ರೆಸಾರ್ಟಿಗೆ ಆಟೋ ಹುಡುಕಿ, ಎರಡು ದಿನ ರೂಮಿನ ಗೋಡೆ ನೋಡಿಕೊಂಡು ಕೂತು ಬರಬೇಕಂತೆ. ಅದಕ್ಕೆ ನಮ್ಮ ಮನೆ ಗೋಡೆ ಏನು ಕಡಿಮೆ?

ಆಮೇಲೆ ನೇರವಾಗಿ ರೆಸಾರ್ಟಿಗೆ ಫೋನ್ ಮಾಡಿದೆ. ಮ್ಯಾನೇಜರ್ ಕನ್ನಡದವರು. "ಮೇಡಂ, ನಮ್ಮದೇನೂ ಅಭ್ಯಂತರ ಇಲ್ಲ, ನಮಗೆ ಆ್ಯಪ್ ಕಡೆಯಿಂದ ನಿಮ್ಮ ದುಡ್ಡೇ ಇನ್ನೂ ಬಂದಿಲ್ಲ" ಅಂದರು. ಇದು ನನಗೆ ಗೊತ್ತಿರಲಿಲ್ಲ. ನಾವು ತಿಂಗಳು ಮುಂಚೆ ದುಡ್ಡು ಕಟ್ಟಿದರೂ ಎಷ್ಟೋ ಸಲ ಅದು ಹೋಟೆಲ್ ಸೇರುವುದು ನಾವು ಉಳಿದುಕೊಂಡು ಬಂದ ಆಸುಪಾಸಿನಲ್ಲೇ. ಅಲ್ಲಿಯವರೆಗೆ ಆ್ಯಪ್ ಹತ್ತಿರವೇ ಇರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಬಾಯಿಮಾತು ಸಾಲದು, ಬರೆದು ಕೊಡಿ ಅಂತ ಅವರನ್ನು ಕೇಳಿದೆ. ಬುಕಿಂಗ್ ನಂಬರ್ ಹಾಕಿ, ದಂಡವಿಲ್ಲದೆ ಕ್ಯಾನ್ಸಲ್ ಮಾಡಲು ನಮ್ಮ ಒಪ್ಪಿಗೆ ಇದೆ ಅಂತ ಎರಡು ಸಾಲು, ರೆಸಾರ್ಟಿನ ಇ-ಮೇಲ್‌ನಿಂದಲೇ. 8ನೇ ತಾರೀಕು ಕಳಿಸಿದರು. ಆ ಎರಡು ಸಾಲು ಇಲ್ಲದಿದ್ದರೆ ಈ ಕಥೆಗೆ ಬೇರೆ ಕೊನೆ ಇರುತ್ತಿತ್ತು. ಯಾರಾದರೂ ಇಂಥದರಲ್ಲಿ ಸಿಕ್ಕಿಬಿದ್ದಿದ್ದರೆ ಮೊದಲು ಮಾಡಬೇಕಾದ ಕೆಲಸ ಇದು. ಇದಕ್ಕಿಂತ ಮುಖ್ಯವಾದದ್ದು, ಸಿಟ್ಟಿನಲ್ಲಿ ಹೋಗಿ ಆ್ಯಪ್‌ನಲ್ಲಿ ಕ್ಯಾನ್ಸಲ್ ಬಟನ್ ಒತ್ತಬೇಡಿ. ಒತ್ತಿದರೆ ಕ್ಯಾನ್ಸಲ್ ಮಾಡಿದ್ದು ನೀವೇ ಅಂತ ದಾಖಲೆ ಆಗುತ್ತದೆ, ಕಂಪ್ಯೂಟರ್ ತನ್ನ ಪಾಡಿಗೆ ಪೂರ್ತಿ ದುಡ್ಡು ದಂಡ ಅಂತ ಮುರಿದುಕೊಂಡು ಕೂರುತ್ತದೆ. ಹಾಗಂತ ಸುಮ್ನೆ ಕೂತರೂ ನೋ-ಶೋ. ಚೆಕ್-ಇನ್ ದಿನಕ್ಕೆ ಮೊದಲೇ, ಬರಲು ಆಗುತ್ತಿಲ್ಲ, ಕಾರಣ ಇದು, ಆದೇಶದ ಪ್ರತಿ ಇಗೋ ಅಂತ ಬರೆದು ಕಳಿಸಿಟ್ಟಿರಬೇಕು. ನಾನು ಕಳಿಸಿದ್ದೆ. ಆದೇಶದ ಪಿಡಿಎಫ್ ಸೇರಿಸಿ. ಪೇಪರ್ ಕಟಿಂಗ್ ಕಳಿಸಿದರೆ ಒಪ್ಪುವುದಿಲ್ಲ, ಶಂಖದಿಂದ ಬಂದರೇ ತೀರ್ಥ.

10ನೇ ತಾರೀಕು ಆ್ಯಪ್‌ನಿಂದ ಉತ್ತರ. ರಿಫಂಡ್ ಇಲ್ಲ, ಬೇಕಾದರೆ ಆರು ತಿಂಗಳೊಳಗೆ ಬೇರೆ ತಾರೀಕು ಆರಿಸಿಕೊಳ್ಳಿ, ರೇಟಿನಲ್ಲಿ ವ್ಯತ್ಯಾಸ ಇದ್ದರೆ ನೀವು ತುಂಬಬೇಕು. ಇಲ್ಲವೇ ವೋಚರ್.

ವೋಚರ್ ಅಂದಕೂಡಲೇ ನಮ್ಮ ಮನೆಯವರು ನಕ್ಕರು. ಯಾಕೆಂದರೆ 2020ರ ಏಪ್ರಿಲ್‌ನಲ್ಲಿ ಮಡಿಕೇರಿಗೆ ಹೋಗೋಣ ಅಂತ ಮೊದಲೇ 6,000 ಕಟ್ಟಿದ್ದೆವು. ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ಅದು ಮುಳುಗಿತು. ಆಗ ಇನ್ನೊಂದು ಕಂಪನಿ ಒಂದು ವರ್ಷದ ವೋಚರ್ ಕೊಟ್ಟಿತು, 2021ರ ಏಪ್ರಿಲ್ 30ರವರೆಗೆ. ಕಷ್ಟಕಾಲ, ಅವರಿಗೂ ತೊಂದರೆ ಇರುತ್ತದೆ ಅಂತ ಒಪ್ಪಿಕೊಂಡೆವು. ವರ್ಷವಿಡೀ ಹೆದರಿಕೊಂಡು ಎಲ್ಲೂ ಹೋಗಲಿಲ್ಲ, ಕೊನೆಗೆ ಏಪ್ರಿಲ್ ಕೊನೆ ವಾರ ಹೋಗೋಣ ಅಂತ ನೋಡಿದರೆ ಎರಡನೇ ಅಲೆ. ಏಪ್ರಿಲ್ 27ರ ರಾತ್ರಿ 9ಕ್ಕೆ ರಾಜ್ಯ ಮತ್ತೆ ಬಂದ್. 30ಕ್ಕೆ ವೋಚರ್ ಸತ್ತಿತು. ಮುಂದೂಡಿ ಅಂತ ಬರೆದ ಎರಡು ಮೇಲ್‌ಗೆ ಉತ್ತರವೇ ಬರಲಿಲ್ಲ. ಆ 6,000ಕ್ಕೆ ಎಳ್ಳುನೀರು ಬಿಟ್ಟಾಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಒಂದೇ ಮಾತು, ವೋಚರ್ ಬೇಡ.

ಇಲ್ಲೊಂದು ವಿಷಯ ಹೇಳಬೇಕು. ಅದೇ 2020ರಲ್ಲಿ ರೈಲ್ವೆಯವರು ತಾವು ರದ್ದು ಮಾಡಿದ ರೈಲುಗಳಿಗೆ ಪೂರ್ತಿ ದುಡ್ಡು ಕೊಟ್ಟರು. ಆನ್‌ಲೈನ್ ಟಿಕೆಟ್ ಆಗಿದ್ದರೆ ನಾವು ಏನೂ ಮಾಡಬೇಕಾಗಿರಲಿಲ್ಲ, ತಾನಾಗೇ ಖಾತೆಗೆ ಬಂತು. ಕೌಂಟರ್ ಟಿಕೆಟ್ ಇದ್ದವರಿಗೆ ಗಡುವನ್ನು ಒಂಬತ್ತು ತಿಂಗಳವರೆಗೂ ಎಳೆದರು. ವಿಮಾನದ ಟಿಕೆಟ್ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2020ರ ಅಕ್ಟೋಬರ್ 1ಕ್ಕೆ ತೀರ್ಪು ಬಂತು. ಲಾಕ್‌ಡೌನ್ ಸಮಯದಲ್ಲೇ ಬುಕ್ ಮಾಡಿದ್ದ, ಆ ಅವಧಿಯದೇ ಪ್ರಯಾಣದ ಟಿಕೆಟ್‌ಗೆ ಪೂರ್ತಿ ರಿಫಂಡ್ ಅಂತ ಆಯಿತು. ಮೊದಲೇ ಬುಕ್ ಮಾಡಿದವರಿಗೆ, ಕಂಪನಿ ಹತ್ತಿರ ದುಡ್ಡಿಲ್ಲದಿದ್ದರೆ ಕ್ರೆಡಿಟ್ ಶೆಲ್, ಅಂದರೆ ಮುಂದಿನ ಟಿಕೆಟ್‌ಗೆ ಬಳಸಬಹುದಾದ ಜಮೆ, ಅದನ್ನು ಬಳಸದೆ ಇಟ್ಟಷ್ಟು ದಿನ ತಿಂಗಳಿಗೆ ಶೇಕಡ ಅರ್ಧ, ಆಮೇಲೆ ಮುಕ್ಕಾಲು ಸೇರಿಸುತ್ತಾ ಹೋಗಬೇಕು, ಕೊನೆಗೂ ಬಳಸದಿದ್ದರೆ ದುಡ್ಡೇ ವಾಪಸ್. ನನ್ನ ಮಡಿಕೇರಿ ವೋಚರ್‌ಗೆ ಇಂಥ ಅಪ್ಪ ಅಮ್ಮ ಯಾರೂ ಇರಲಿಲ್ಲ. ಹೋಟೆಲ್ ರೂಮು ಅಂದರೆ ಯಾರಿಗೂ ಬೇಡದ ಕೂಸು.

ನಮ್ಮ ಭಾವನ ತಮ್ಮ ವಕೀಲರು. ಅವರನ್ನು ಕೇಳಿದೆ. 1872ರ ಕರಾರು ಕಾಯ್ದೆಯಲ್ಲಿ 56ನೇ ಸೆಕ್ಷನ್ ಅಂತ ಇದೆಯಂತೆ, ಒಪ್ಪಂದ ಆದ ಮೇಲೆ ಆ ಕೆಲಸ ಮಾಡೋದೇ ಅಸಾಧ್ಯ ಅಥವಾ ಕಾನೂನುಬಾಹಿರ ಆದರೆ ಒಪ್ಪಂದ ಬಿದ್ದುಹೋಗುತ್ತದೆ. ಹಾಗೆ ಬಿದ್ದುಹೋದರೆ ತೆಗೆದುಕೊಂಡದ್ದನ್ನು ಹಿಂದಿರುಗಿಸಬೇಕು ಅನ್ನುವುದು 65. ಕೇಳೋಕೆ ಚೆನ್ನಾಗಿದೆ ಅಲ್ವಾ. ಆದರೆ ಅವರೇ ಮುಂದುವರಿಸಿ, "ಅತ್ತಿಗೆ, ಹೋಟೆಲ್ ತೆರೆದಿತ್ತು, ಬಸ್ಸು ಓಡ್ತಿತ್ತು ಅಂತ ಅವರ ಕಡೆಯವರು ಹೇಳಿದ್ರೆ ನಾವು ಸ್ವಲ್ಪ ಬೆವರು ಸುರಿಸಬೇಕಾಗುತ್ತೆ, ಮೊದಲು ದೂರು ಕೊಟ್ಟು ನೋಡಿ" ಅಂದರು. ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಹೋದ ದುಡ್ಡನ್ನು ಬ್ಯಾಂಕ್ ಮೂಲಕವೇ ವಾಪಸ್ ಕೇಳುವ ದಾರಿಯೂ ಇತ್ತು, ಕ್ರೆಡಿಟ್ ಕಾರ್ಡ್ ಆದ್ದರಿಂದ. ನಾನ್-ರಿಫಂಡಬಲ್ ಅಂತ ನಾನೇ ಟಿಕ್ ಮಾಡಿದ್ದೆನಲ್ಲ, ಬ್ಯಾಂಕಿನವರು ಅದನ್ನೇ ತೋರಿಸಿದರೆ ಏನು ಹೇಳಲಿ ಅಂತ ಆ ಕಡೆ ಹೋಗಲಿಲ್ಲ.

ಇಷ್ಟರಲ್ಲಿ 17ನೇ ತಾರೀಕು ಆ ಸ್ಟಾರ್ ಕೇಳುವ ಮೆಸೇಜ್. ನೋಡಿದರೆ ಆ್ಯಪ್‌ನಲ್ಲಿ ನನ್ನ ಬುಕಿಂಗ್ ಮುಂದೆ ಹಸಿರು ಬಣ್ಣದಲ್ಲಿ "ವಾಸ ಮುಗಿದಿದೆ" ಅಂತ ಇದೆ! ನೋ-ಶೋ ಕೂಡ ಅಲ್ಲ, ನಾವು ಹೋಗಿ ಉಂಡು ಮಲಗಿ ಬಂದಿದ್ದೇವೆ ಅಂತ. ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಅರ್ಧ ಕೈಬಿಟ್ಟಿದ್ದೆ. ಆ ಹಸಿರು ಬಣ್ಣ ನೋಡಿ ಹಟ ಬಂತು.

ಇ-ಕಾಮರ್ಸ್ ಕಂಪನಿಗಳಿಗೆ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮ ಇದೆ. ಅದರ ಪ್ರಕಾರ ಪ್ರತಿ ಕಂಪನಿಗೂ ದೂರು ನೋಡಿಕೊಳ್ಳುವ ಒಬ್ಬ ಗ್ರೀವೆನ್ಸ್ ಆಫೀಸರ್ ಇರಬೇಕು, ಅವರ ಹೆಸರು ವಿಳಾಸ ವೆಬ್‌ಸೈಟಿನಲ್ಲಿ ಹಾಕಿರಬೇಕು, ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಹೆಸರನ್ನು ಹುಡುಕೋದೇ ಒಂದು ಸಾಹಸ. ವೆಬ್‌ಸೈಟಿನ ತಳಕ್ಕೆ ಹೋಗಿ, ಷರತ್ತುಗಳ ಪುಟ ತೆರೆದು, ಬೆರಳು ನೋಯುವಷ್ಟು ಕೆಳಗೆ ಇಳಿದರೆ ಸಾಸಿವೆ ಅಕ್ಷರದಲ್ಲಿ ಸಿಗುತ್ತದೆ. 18ಕ್ಕೆ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಹಾಕಿದೆ. ಆದೇಶ, ರೆಸಾರ್ಟಿನ ಒಪ್ಪಿಗೆ, ಹಸಿರು ಸ್ಕ್ರೀನ್‌ಶಾಟ್, ನಾವು ಚೆಕ್-ಇನ್ ಆಗಿಲ್ಲ ಅಂತ ಮ್ಯಾನೇಜರ್ ಬರೆದ ಇನ್ನೊಂದು ಸಾಲು. 20ಕ್ಕೆ ತಲುಪಿದೆ ಅಂತ ಉತ್ತರ ಬಂತು, ಒಂದು ಟಿಕೆಟ್ ನಂಬರ್ ಬಂತು. ಆಮೇಲೆ ಮೌನ. ಮರುದಿನ, 21ಕ್ಕೆ, ಸರ್ಕಾರ ವೀಕೆಂಡ್ ಕರ್ಫ್ಯೂ ತೆಗೆದೇಬಿಟ್ಟಿತು. ಎರಡೇ ಎರಡು ವಾರಾಂತ್ಯ ಇದ್ದದ್ದು ಅದು, ಅದರಲ್ಲಿ ಒಂದು ನಮ್ಮದು. ಅದೃಷ್ಟ ನೋಡಿ.

ಫೆಬ್ರವರಿ 2ಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ವೆಬ್‌ಸೈಟಿನಲ್ಲಿ ದೂರು ಹಾಕಿದೆ. ಈಗಾದರೆ 1915ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇದು ಕೋರ್ಟಲ್ಲ, ಇವರು ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಆದರೂ ಸರ್ಕಾರದ ಕಡೆಯಿಂದ ಕಾಗದ ಹೋದರೆ ಕಂಪನಿಯಲ್ಲಿ ಬೇರೆ ಮೇಜಿಗೆ ಹೋಗುತ್ತದೆ ಅನ್ನಿಸುತ್ತದೆ. 15 ದಿನಕ್ಕೆ, 17ನೇ ತಾರೀಕು, ಒಬ್ಬ ಹೆಂಗಸು ತಾನಾಗಿ ಫೋನ್ ಮಾಡಿದರು. ಅಷ್ಟು ದಿನ ನಾನು ಸಂಗೀತ ಕೇಳಿದ್ದು ಸಾಲದು ಅಂತ ಈಗ ಅವರೇ ಹುಡುಕಿಕೊಂಡು ಬಂದಿದ್ದಾರೆ! "ವಿಶೇಷ ಪ್ರಕರಣ ಅಂತ ಪರಿಗಣಿಸಿ, ಗುಡ್‌ವಿಲ್ ಆಗಿ" 9,408 ಕೊಡುತ್ತೇವೆ ಅಂದರು. ನನ್ನ ದುಡ್ಡು ನನಗೇ ದಾನ. ಕನ್ವೀನಿಯನ್ಸ್ ಫೀ? ಅದು ವಾಪಸ್ ಇಲ್ಲವಂತೆ. ಆಗಲಿ ಅಂದೆ. 24ನೇ ತಾರೀಕು ಕಾರ್ಡಿಗೆ ಬಂತು. ಮೊದಲ ಫೋನ್ ಮಾಡಿದ ದಿನದಿಂದ ಲೆಕ್ಕ ಹಾಕಿದರೆ 49 ದಿನ.

ಅವರು ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿಕೊಂಡಿದ್ದೆವು. 2019ರ ಕಾಯ್ದೆ ಬಂದ ಮೇಲೆ ನಾವಿರುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆಗ ಆನ್‌ಲೈನ್‌ನಲ್ಲಿ ಇ-ದಾಖಿಲ್ ಅಂತ ಇತ್ತು, 2025ರಿಂದ ಇ-ಜಾಗೃತಿ. ಹತ್ತು ಸಾವಿರಕ್ಕೆ ಅಷ್ಟೆಲ್ಲಾ ಓಡಾಡಬೇಕಾ ಅಂತ ಅಮ್ಮ ಕೇಳಿದರು. ಹತ್ತು ಸಾವಿರಕ್ಕೆ ಯಾರೂ ಓಡಾಡಲ್ಲ ಅನ್ನೋ ಧೈರ್ಯದ ಮೇಲೇ ಇವರ ಅಂಗಡಿ ನಡೆಯುವುದು ಅಂತ ನನ್ನ ಅನುಮಾನ.

ಹಾಗಾಗಿ ಒಂದೂವರೆ ಸ್ಟಾರ್. ಕೊನೆಗೂ ದುಡ್ಡು ಬಂತು ಅಂತ ಒಂದು. ಆ ಅರ್ಧ, ಮೊದಲ ದಿನ ಫೋನಿನಲ್ಲಿ ಸಿಕ್ಕ ಹುಡುಗನಿಗೆ. ನಾನು ದನಿ ಏರಿಸಿದರೂ ಅವನು ಏರಿಸಲಿಲ್ಲ, ಮತ್ತೆ ಫೋನ್ ಇಡುವ ಮೊದಲು ಮೆಲ್ಲಗೆ "ಹೋಟೆಲಿಂದ ಮೇಲ್ ಹಾಕ್ಸಿ ಮೇಡಂ" ಅಂತ ಹಿಂದಿಯಲ್ಲಿ ಹೇಳಿದ್ದು ಅವನೇ. ರೆಸಾರ್ಟಿಗೆ ನಾಲ್ಕು. ಹೋಗಿ ಉಳಿದುಕೊಂಡಿಲ್ಲ, ಕಾಫಿ ಹೇಗಿದೆ ಗೊತ್ತಿಲ್ಲ, ಆದರೂ ನಾಲ್ಕು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ ನನ್ನ ತಂಗಿ. ಊಟಿಗೆ, ಕೊಡೈಕೆನಾಲ್‌ಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ಊಟಿ ಕಡೆಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ ಅಂತ ಮಿತಿ ಹಾಕಿದರು. ಅವಳು ಪಾಸ್ ನೋಡದೆ ಮೊದಲು ರೂಮ್ ಬುಕ್ ಮಾಡಿದ್ದಳು. ಆ ವಾರಾಂತ್ಯಕ್ಕೆ ಪಾಸ್ ಸಿಗಲಿಲ್ಲ. ಹೋಟೆಲಿಗೆ ಫೋನ್ ಮಾಡಿದರೆ, ಸರ್ಕಾರಿ ಬಸ್ಸಿಗೆ ಪಾಸ್ ಬೇಡವಲ್ಲ, ಬಸ್ಸಿನಲ್ಲಿ ಬನ್ನಿ ಅಂದರಂತೆ. "ಅಕ್ಕ, ನಿನಗೆ ಹೇಳಿದ್ದನ್ನೇ ನನಗೂ ಹೇಳಿದ್ರು" ಅಂತ ನಗುತ್ತಿದ್ದಳು. ನಗಬಹುದು ಬಿಡಿ, ಅವಳು ಜಾಸ್ತಿ ದುಡ್ಡಿನ, ಕ್ಯಾನ್ಸಲ್ ಆಗುವ ರೂಮನ್ನೇ ತೆಗೆದುಕೊಂಡಿದ್ದಳು. ಆರನೇ ದಿನಕ್ಕೆ ದುಡ್ಡು ಬಂತು.

ಎಲ್ಲಾದರೂ ಹೋಗಲೇಬೇಕು ಅಂತ ಹಟ ಹಿಡಿದಳು. ಗೌಡರ ನಂಬರ್ ಕೊಟ್ಟೆ. ನಾವು 2022ರ ಮಾರ್ಚ್‌ನಲ್ಲೇ ಅಲ್ಲಿಗೆ ಹೋಗಿ ಬಂದಿದ್ದೆವು. ಆ 500ನ್ನು ಅವರು ಬಿಲ್ಲಿನಲ್ಲಿ ಕಳೆಯಲಿಲ್ಲ, ನಾವೂ ಕೇಳಲಿಲ್ಲ, ಅಮ್ಮ ಮಾತ್ರ ಎರಡು ಸಲ ಕೋಳಿ ಸಾರು ಹಾಕಿಸಿಕೊಂಡರು. ತಂಗಿ ಫೋನ್ ಮಾಡಿದಾಗ ಗೌಡರು ಅಡ್ವಾನ್ಸೇ ಬೇಡ ಅಂದರಂತೆ. "ಹಾಸನ ದಾಟಿದ ಮೇಲೆ ಒಂದು ಫೋನ್ ಮಾಡಿ ಮೇಡಂ, ಕೋಳಿ ಆಮೇಲೇ ಹೇಳ್ತೀನಿ."